ಕಾರ್ಟರ್ ರೋಡಿನ ಕಪ್ಪು ಬೆಳ್ಳಕ್ಕಿ

ಪ್ರಶ್ನೆ: ನನಗೆ 63 ವರ್ಷ. ಅಂಕೋಲೆ ಕಡೆಯ ಒಂದು ಹಳ್ಳಿಶಾಲೆಯಲ್ಲಿ ಅಕ್ಕೋರಾಗಿದ್ದೆ. ನಿವೃತ್ತಿಯಾದ ಮೇಲೆ ಮುಂಬೈಗೆ, ಖಾರ್‌ನಲ್ಲಿರುವ ಮಗನ ಮನೆಗೆ ಬಂದಿದ್ದೇನೆ. ಸಕ್ಕರೆ ಕಾಯಿಲೆ ಇದೆ. ದಿನಾ ಮುಕ್ಕಾಲು ಗಂಟೆ ನಡೆಯಿರಿ ಎಂದು ಡಾಕ್ಟರು ಹೇಳಿದ್ದರಿಂದ ಬೆಳಿಗ್ಗೆ ಕಾರ್ಟರ್ ರೋಡಿನ ಕಡಲಂಚಿನ ಕಾಲುದಾರಿಗೆ ಹೋಗುತ್ತೇನೆ. ಊರಲ್ಲಿ ಹಿತ್ತಲಿಗೆ ಬರುವ ಹಕ್ಕಿಗಳ ಪರಿಚಯ ಅಷ್ಟಿಷ್ಟು ಇತ್ತು. ಇಲ್ಲಿ ಕಾಗೆ, ಪಾರಿವಾಳ, ಹದ್ದು ಬಿಟ್ಟರೆ ಏನೂ ಕಾಣುವುದಿಲ್ಲ. ಹೋದ ವಾರ ಬಂಡೆಯ ಮೇಲೊಂದು ಬೆಳ್ಳಕ್ಕಿ ಮೈಯೆಲ್ಲ ಕಪ್ಪಾಗಿ ನಿಂತಿತ್ತು. ಹಡಗಿನ ಎಣ್ಣೆ ಮೆತ್ತಿಕೊಂಡಿದೆಯೋ ಏನೋ ಎಂದು ದಿನವಿಡೀ ಕಸಿವಿಸಿ. ಅಂಥದ್ದು ಕಂಡರೆ ಯಾರಿಗೆ ಹೇಳಬೇಕು? ನನ್ನಂಥವರು ಈ ವಯಸ್ಸಿನಲ್ಲಿ, ನಡಿಗೆಯ ಜೊತೆಗೇ, ಹಕ್ಕಿ ನೋಡುವುದನ್ನು ಕಲಿಯಬಹುದೇ? ದುರ್ಬೀನು ಬೇಕೇ ಬೇಕೇ? ಇನ್ನೊಂದು: ಎಲಿಫೆಂಟಾ ದೋಣಿಯಲ್ಲಿ ಹೋದಾಗ ಮೊಮ್ಮಗ ಕಡಲಕ್ಕಿಗಳಿಗೆ ಗಾಠಿಯಾ ಎಂಬ ಕುರುಕಲು ತಿಂಡಿ ಎಸೆದು ಬಂದ. ಅದು ತಪ್ಪೇ?

ಉತ್ತರ: ಅಕ್ಕೋರೇ, ಮೊದಲು ಆ ಕಪ್ಪು ಹಕ್ಕಿಯ ವಿಚಾರ ಮುಗಿಸಿಬಿಡೋಣ. ಅದಕ್ಕೆ ಏನೂ ಆಗಿಲ್ಲ. ಅದರ ಬಣ್ಣವೇ ಅದು.

ನೀವು ನೋಡಿದ್ದು ವೆಸ್ಟರ್ನ್ ರೀಫ್ ಇಗ್ರೆಟ್ ಎಂಬ ಹಕ್ಕಿ. ನಾನು ಕಡಲ ಬಕ ಎನ್ನುತ್ತೇನೆ. ಬೆಳ್ಳಕ್ಕಿಯ ಹತ್ತಿರದ ನೆಂಟ. ಈ ಒಂದೇ ಜಾತಿಯಲ್ಲಿ ಎರಡು ಬಣ್ಣದವು ಹುಟ್ಟುತ್ತವೆ: ಕೆಲವು ಅಚ್ಚ ಬಿಳಿ, ಕೆಲವು ನೀವು ವರ್ಷಗಟ್ಟಲೆ ಮಕ್ಕಳ ಕೈಯಲ್ಲಿ ನೋಡಿದ ಸ್ಲೇಟಿನ ಬಣ್ಣ. ಗಂಡು ಹೆಣ್ಣಿನ ಭೇದವಲ್ಲ, ವಯಸ್ಸಿನದೂ ಅಲ್ಲ. ಒಂದು ಬಿಳಿ, ಒಂದು ಕಪ್ಪು ಜೋಡಿಯಾಗಿ ಗೂಡು ಕಟ್ಟುವುದೂ ಉಂಟು. ಆಫ್ರಿಕದ ಪಶ್ಚಿಮ ತೀರದಿಂದ ಕೆಂಪು ಸಮುದ್ರ, ಪರ್ಷಿಯನ್ ಕೊಲ್ಲಿ ಬಳಸಿ ನಮ್ಮ ಪಶ್ಚಿಮ ಕರಾವಳಿಯವರೆಗೂ ಇದರ ಸಂಸಾರ. ಮುಂದಿನ ಸಲ ಕಂಡಾಗ ಗದ್ದದ ಕೆಳಗೆ ನೋಡಿ. ಮೈಯೆಲ್ಲ ಕಪ್ಪಾದರೂ ಗಂಟಲಲ್ಲಿ ಸುಣ್ಣ ಹಚ್ಚಿದಂತೆ ಬಿಳಿ ಇರುತ್ತದೆ. ಕಾಲಿನ ಪಾದ ಹಳದಿ. ಆ ಹಳದಿ ಪಾದವನ್ನು ಬಂಡೆಯ ಸಂದಿನ ನೀರಲ್ಲಿ ಅಲುಗಿಸಿ ಅಡಗಿದ ಮೀನನ್ನು ಎಬ್ಬಿಸುತ್ತದೆ. ಒಮ್ಮೊಮ್ಮೆ ಹುಚ್ಚು ಹಿಡಿದಂತೆ ರೆಕ್ಕೆ ಅರೆ ಬಿಚ್ಚಿ ನೀರಲ್ಲಿ ಓಡುತ್ತದೆ. ಸಾಮಾನ್ಯ ಬೆಳ್ಳಕ್ಕಿಗಿಂತ ಇದಕ್ಕೆ ಸಹನೆ ಕಡಿಮೆ.

ಕಪ್ಪನ್ನು ಗುರುತಿಸುವುದು ಸುಲಭ, ಬಿಳಿಯದು ಕಷ್ಟ. ಅದೇ ಬಂಡೆಯ ಮೇಲೆ ಸಣ್ಣ ಬೆಳ್ಳಕ್ಕಿಯೂ ಇರುತ್ತದಲ್ಲ, ಅದರ ಕೊಕ್ಕು ಮಸಿ ಕಪ್ಪು, ಸಪೂರ. ಕಡಲ ಬಕದ ಕೊಕ್ಕು ಕಂದು ಅಥವಾ ಹಳದಿ ಬೆರೆತದ್ದು, ತುಸು ದಪ್ಪ. ಎರಡೂ ಜಾತಿ ಬೆರೆತು ಮರಿ ಮಾಡುವುದೂ ಇರುವುದರಿಂದ ಕೆಲವನ್ನು ಇದೇ ಎಂದು ಹೇಳಲು ನನಗೂ ಆಗುವುದಿಲ್ಲ. ಹೇಳಲಾಗದ್ದನ್ನು ‘ಬೆಳ್ಳಕ್ಕಿ’ ಎಂದಷ್ಟೇ ಬರೆದು ಮುಂದೆ ಹೋಗುತ್ತೇನೆ. ನೀವೂ ಹಾಗೇ ಮಾಡಿ.

ನಿಮ್ಮ ಕಸಿವಿಸಿ ಮಾತ್ರ ಸುಳ್ಳಲ್ಲ. ಮುಂಬೈ ತೀರಕ್ಕೆ ಮಳೆಗಾಲದಲ್ಲಿ ಡಾಂಬರಿನ ಉಂಡೆಗಳು ಬಂದು ಬೀಳುವುದಿದೆ. ನಿಜವಾಗಿ ಎಣ್ಣೆ ಮೆತ್ತಿದ ಹಕ್ಕಿ ಬೇರೆಯೇ ರೀತಿ ಕಾಣುತ್ತದೆ: ಗರಿಗಳು ಅಂಟಿಕೊಂಡು ಜಡೆಗಟ್ಟಿರುತ್ತವೆ, ಬಣ್ಣ ಒಂದೇ ಸಮ ಇರದೆ ತೇಪೆ ತೇಪೆಯಾಗಿರುತ್ತದೆ, ಹಕ್ಕಿ ಬೇಟೆ ಬಿಟ್ಟು ಗರಿ ಕೆದಕುವುದರಲ್ಲೇ ಮುಳುಗಿರುತ್ತದೆ, ಹತ್ತಿರ ಹೋದರೂ ಹಾರುವುದಿಲ್ಲ. ಹಾಗೆ ಕಂಡರೆ ಮಹಾರಾಷ್ಟ್ರ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ನೀವೇ ಬಂಡೆಗೆ ಇಳಿಯಬೇಡಿ. ಪಾಚಿ ಹಿಡಿದ ಆ ಕಲ್ಲು ಪ್ರಾಯದವರನ್ನೂ ಬೀಳಿಸುತ್ತದೆ.

ಇನ್ನು ‘ಏನೂ ಕಾಣುವುದಿಲ್ಲ’ ಎಂಬ ಮಾತು. ಇದನ್ನು ನಾನು ಒಪ್ಪುವುದಿಲ್ಲ, ಆದರೆ ಯಾಕೆ ಹಾಗನ್ನಿಸುತ್ತದೆ ಎಂದು ಗೊತ್ತು. ನಾನು ಕುಮಟೆಯವನು, ಕೆಲಸಕ್ಕೆಂದು ಮುಂಬೈಗೆ ಬಂದ ಹೊಸತರಲ್ಲಿ ಇದೇ ದಂಡೆಯ ಮೇಲೆ ಒಂದು ತಿಂಗಳು ನಡೆದು ‘ಇಲ್ಲಿ ಹಕ್ಕಿಯೇ ಇಲ್ಲ’ ಎಂದು ಊರಿಗೆ ಕಾಗದ ಬರೆದಿದ್ದೆ. ನಾನು ಗಡಿಯಾರ ನೋಡಿ ಹೋಗುತ್ತಿದ್ದೆ, ನೀರು ನೋಡಿ ಅಲ್ಲ. ಆ ವ್ಯತ್ಯಾಸವನ್ನು ಹೇಳಿಕೊಟ್ಟದ್ದು ಪಕ್ಕದ ಮೀನುಗಾರರ ಕೇರಿ ದಾಂಡಾದಲ್ಲಿ ಬಲೆ ಹೆಣೆಯುತ್ತಿದ್ದ, ಕೋಳಿ ಸಮುದಾಯದ ಒಬ್ಬ ಮೀನುಗಾರ ಮುದುಕ. ‘ಏಕಾದಶಿ ಕಳೆದ ಮೇಲೆ ಬಾ’ ಎಂದಿದ್ದ, ಅಷ್ಟೇ.

ಕಡಲ ದಂಡೆಯ ಹಕ್ಕಿಗೆ ಸೂರ್ಯ ಹುಟ್ಟಿತೋ ಇಲ್ಲವೋ ಎನ್ನುವುದಕ್ಕಿಂತ ನೀರು ಇಳಿಯಿತೋ ಇಲ್ಲವೋ ಎನ್ನುವುದು ದೊಡ್ಡದು. ಊರಲ್ಲಿ ನಾವು ಭರತ, ಇಳಿತ ಎನ್ನುವುದನ್ನೇ ಇಲ್ಲಿಯ ಮರಾಠಿ ಪತ್ರಿಕೆಗಳು ಭರತಿ, ಓಹೋಟಿ ಎಂದು ಬರೆಯುತ್ತವೆ. ನಮ್ಮ ಕಾರವಾರದ ಕಡೆ ನೀರು ಏರಿಳಿಯುವುದು ಹೆಚ್ಚೆಂದರೆ ಎರಡು ಮೀಟರಿನ ಆಸುಪಾಸು. ಮುಂಬೈಯಲ್ಲಿ ದೊಡ್ಡ ಭರತದ ದಿನ ನೀರಿನ ಮಟ್ಟ 4.5 ಮೀಟರಿಗೂ ಮಿಕ್ಕಿ ಏರುತ್ತದೆ, ಅದೇ ದಿನದ ಇಳಿತದಲ್ಲಿ ಒಂದು ಮೀಟರಿನ ಒಳಗೆ ಬರುತ್ತದೆ. ಕಾರ್ಟರ್ ರೋಡಿನ ಗೋಡೆಯ ಕೆಳಗಿರುವ ಆ ಕರಿ ಬಂಡೆಗಳ ಹಾಸು ಇಡೀ ಬಯಲಿನಂತೆ ತೆರೆದುಕೊಳ್ಳುವುದು ಆಗಲೇ. ಹೊಂಡಗಳಲ್ಲಿ ಸಣ್ಣ ಮೀನು, ಶೆಟ್ಲಿ, ಏಡಿ ಸಿಕ್ಕಿಬೀಳುತ್ತವೆ. ಹಕ್ಕಿಗೆ ಅದು ಎಲೆ ಹಾಕಿ ಬಡಿಸಿದ ಊಟ. ಭರತದ ಹೊತ್ತಿಗೆ ನೀವು ಹೋದರೆ ಎಲೆ ಎತ್ತಿದ ಪಂಕ್ತಿಗೆ ಹೋದಂತೆ.

ಇದಕ್ಕೆ ಆ್ಯಪ್ ಬೇಕಾಗಿಲ್ಲ, ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನ ತಿಥಿ ಸಾಕು. ಹುಣ್ಣಿಮೆ, ಅಮಾವಾಸ್ಯೆಯ ಸುಮಾರಿಗೆ ಮುಂಬೈಯಲ್ಲಿ ಭರತ ಬರುವುದು ನಡುಮಧ್ಯಾಹ್ನದ ಹೊತ್ತಿಗೆ ಮತ್ತು ನಡುರಾತ್ರಿಗೆ. ಹಾಗಾದರೆ ಇಳಿತ ಬೆಳಿಗ್ಗೆ ಆರು, ಏಳರ ಹೊತ್ತಿಗೆ, ಸರಿಯಾಗಿ ನಿಮ್ಮ ನಡಿಗೆಯ ಸಮಯಕ್ಕೆ. ದಿನಕ್ಕೆ ಸುಮಾರು 50 ನಿಮಿಷದಂತೆ ಇದು ತಡವಾಗುತ್ತ ಹೋಗಿ, ಅಷ್ಟಮಿ ನವಮಿಗೆ ಎಲ್ಲ ಉಲ್ಟಾ: ಬೆಳಿಗ್ಗೆ ನೀರು ತುಂಬಿರುತ್ತದೆ, ಅದೂ ಹೆಚ್ಚು ಏರದೆ ಹೆಚ್ಚು ಇಳಿಯದೆ. ನನಗೆ ಎಲ್ಲಕ್ಕಿಂತ ಇಷ್ಟ ಹುಣ್ಣಿಮೆ ಅಮಾವಾಸ್ಯೆಗೆ ಒಂದೆರಡು ದಿನ ಮೊದಲಿನ ಬೆಳಗು. ನೀರು ಇಳಿದು ಮುಗಿದು, ಮತ್ತೆ ಏರಲು ಸುರುವಾಗಿರುತ್ತದೆ. ಏರುವ ನೀರು ದೂರದ ಬಂಡೆಗಳಲ್ಲಿದ್ದ ಹಕ್ಕಿಗಳನ್ನು ಒಂದೊಂದೇ ಹೆಜ್ಜೆ ನಿಮ್ಮ ಕಡೆ ತಳ್ಳುತ್ತ ಬರುತ್ತದೆ. ನೀವು ನಿಂತಲ್ಲೇ ನಿಂತಿದ್ದರೆ ಸಾಕು. ತಿಥಿ ಅಂದಾಜಿಗೆ ಮಾತ್ರ. ಗಂಟೆ ನಿಮಿಷ ಬೇಕಿದ್ದರೆ ಭರತ ಇಳಿತದ ಪಟ್ಟಿ ನೋಡಿಕೊಳ್ಳಿ.

ಇನ್ನೊಂದು ಅನುಕೂಲ ನಿಮಗಿದೆ, ಗಮನಿಸಿದ್ದೀರೋ ಇಲ್ಲವೋ. ಕಾರ್ಟರ್ ರೋಡು ಪಶ್ಚಿಮಕ್ಕೆ ಮುಖ ಮಾಡಿದೆ. ಜನ ಜಾತ್ರೆಯಂತೆ ಸೇರುವುದು ಸಂಜೆ, ಸೂರ್ಯಾಸ್ತಕ್ಕೆ. ಹಕ್ಕಿ ನೋಡುವವನಿಗೆ ಆ ಹೊತ್ತು ಉಪಯೋಗವಿಲ್ಲ. ಬೆಳಕು ಕಣ್ಣಿಗೇ ಬಡಿದು ಎಲ್ಲ ಹಕ್ಕಿಯೂ ಕಪ್ಪು ನೆರಳು. ಬೆಳಿಗ್ಗೆ ಸೂರ್ಯ ನಿಮ್ಮ ಬೆನ್ನಿಗಿರುತ್ತಾನೆ. ಆದರೆ ಹಿಂದೆ ಎತ್ತರದ ಕಟ್ಟಡಗಳಿರುವುದರಿಂದ ಬಂಡೆಗೆ ಬಿಸಿಲು ತಾಗಲು ತುಸು ಹೊತ್ತು ಬೇಕು. ಜನವರಿಯಲ್ಲಂತೂ ಇಲ್ಲಿ ಸೂರ್ಯೋದಯವೇ ಏಳು ಗಂಟೆ ದಾಟಿದ ಮೇಲೆ. ಚಳಿಗಾಲದಲ್ಲಿ ಐದೂವರೆಗೆ ಎದ್ದು ಓಡಬೇಡಿ, ಚಾ ಕುಡಿದೇ ಹೋಗಿ.

ಈಗ ಯಾವ ಹಕ್ಕಿ ಎಂಬ ಮಾತಿಗೆ ಬರೋಣ. ಹೆಸರುಗಳ ರಾಶಿ ಹಾಕಿ ನಿಮ್ಮನ್ನು ಹೆದರಿಸುವುದಿಲ್ಲ.

ಬಂಡೆಗಳ ಅಂಚಿನಲ್ಲಿ ಒಂಟಿಯಾಗಿ, ಗುಬ್ಬಚ್ಚಿಗಿಂತ ದೊಡ್ಡದಾದ, ಕಂದು ಬೆನ್ನಿನ ಬಿಳಿ ಹೊಟ್ಟೆಯ ಹಕ್ಕಿಯೊಂದು ಹಿಂಭಾಗವನ್ನು ಬಿಡದೆ ಕುಣಿಸುತ್ತ ಓಡಾಡುತ್ತಿದ್ದರೆ ಅದು ಗದ್ದೆಗೊರವ. ಎದೆಯ ಪಕ್ಕದಿಂದ ಭುಜದ ಕಡೆಗೆ ಬಿಳಿಯ ಒಂದು ಕುಡಿ ಏರಿರುತ್ತದೆ. ಹಾರಿದರೆ ನೀರಿಗೆ ತಾಗಿದಂತೆ, ರೆಕ್ಕೆಯನ್ನು ಬಿಗಿಯಾಗಿ ನಡುಗಿಸುತ್ತ, ಟ್ವೀ ಟ್ವೀ ಎನ್ನುತ್ತ ಹಾರುತ್ತದೆ. ಹಿಮಾಲಯ ಮತ್ತು ಅದರಾಚೆಯ ಉತ್ತರದ ನದಿದಂಡೆಗಳಲ್ಲಿ ಮರಿ ಮಾಡಿ, ಮಳೆಗಾಲ ಮುಗಿಯುವ ಮೊದಲೇ ನಮ್ಮಲ್ಲಿಗೆ ಬಂದುಬಿಡುವ ಹಕ್ಕಿ ಇದು. ಒಂದು ಬಂಡೆ ತನ್ನದೆಂದು ಹಿಡಿದರೆ ಚಳಿಗಾಲವಿಡೀ ಅಲ್ಲೇ. ನಿಮ್ಮ ದಾರಿಯಲ್ಲಿ ಇಂಥ ಒಂದನ್ನು ಗುರುತು ಮಾಡಿಕೊಂಡರೆ ಏಪ್ರಿಲ್‌ವರೆಗೆ ದಿನಾ ಮಾತಾಡಿಸಬಹುದು.

ಕೊಳದ ಬಕ ನಿಮಗೆ ಗೊತ್ತೇ ಇದೆ, ಊರ ಗದ್ದೆಯ ಬದುವಿನಲ್ಲಿ ಕೂತಿರುತ್ತಿತ್ತು. ಕೂತರೆ ಮಣ್ಣಿನ ಬಣ್ಣ, ಹಾರಿದರೆ ಅಚ್ಚ ಬಿಳಿ. ಮರಾಠಿಯವರು ಇದಕ್ಕೆ ಇಟ್ಟ ಹೆಸರು ವಂಚಕ. ನಮ್ಮವರಿಗೆ ಇಷ್ಟು ಒಳ್ಳೆಯ ಹೆಸರು ಹೊಳೆಯಲಿಲ್ಲವಲ್ಲ ಎಂದು ನನಗೆ ಈಗಲೂ ಹೊಟ್ಟೆಕಿಚ್ಚು.

ಕುಡುಗೋಲಿನಂತೆ ಕೆಳಗೆ ಬಾಗಿದ ಉದ್ದ ಕೊಕ್ಕಿನ, ಕೋಳಿಯಷ್ಟು ದೊಡ್ಡ ಕಂದು ಹಕ್ಕಿ ಕಂಡರೆ ವಿಂಬ್ರೆಲ್ ಎಂದುಕೊಳ್ಳಿ. ತಲೆಯ ಮೇಲೆ ಉದ್ದುದ್ದ ಪಟ್ಟೆ ಇರಬೇಕು. ಕಾಣುವ ಮೊದಲು ಕೇಳುತ್ತದೆ: ಒಂದೇ ಸ್ವರದಲ್ಲಿ ಏಳು ಸಲ ಸಿಳ್ಳೆ ಹೊಡೆದಂತೆ. ಏಡಿ ಹಿಡಿದರೆ ಕೊಡವಿ ಕೊಡವಿ ಕಾಲು ಉದುರಿಸಿ ನುಂಗುತ್ತದೆ. ನಾವು ಏಡಿ ಸ್ವಚ್ಛ ಮಾಡುವುದನ್ನು ಅದು ನೋಡಿ ಕಲಿತಿದೆಯೋ, ಅದನ್ನು ನೋಡಿ ನಾವು ಕಲಿತೆವೋ!

ಮರಳು ಇದ್ದಲ್ಲಿ, ಓಡಿ, ಗಕ್ಕನೆ ನಿಂತು, ಒಂದು ಕುಟುಕಿ, ಮತ್ತೆ ಓಡುವ ಗುಂಡು ತಲೆಯ ಸಣ್ಣ ಹಕ್ಕಿಗಳ ಗುಂಪು ಕಂಡರೆ ಅವು ಪ್ಲವರ್‌ಗಳು. ಅವುಗಳ ಒಳಭೇದಕ್ಕೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಲೆಸರ್ ಸ್ಯಾಂಡ್ ಪ್ಲವರ್ ಎಂದು ನಾವೆಲ್ಲ ಇಷ್ಟು ಕಾಲ ಬರೆಯುತ್ತಿದ್ದ ಹಕ್ಕಿಯನ್ನು ಶಾಸ್ತ್ರಜ್ಞರು ಈಚೆಗೆ ಸೈಬೀರಿಯದ್ದು, ಟಿಬೆಟ್‌ದು ಎಂದು ಎರಡು ಜಾತಿ ಮಾಡಿದ್ದಾರೆ. ನಮ್ಮ ಕರಾವಳಿಗೆ ಬರುವುದು ಮುಖ್ಯವಾಗಿ ಟಿಬೆಟ್‌ನದು. ನನ್ನ ಹಳೆಯ ಪುಸ್ತಕದಲ್ಲೆಲ್ಲ ಈಗ ಪೆನ್ಸಿಲ್ಲಿನ ಗೀಟು.

ಕಡಲಕ್ಕಿಗಳ ಮೇಲೆ ನನಗೆ ವಿಶೇಷ ಪ್ರೀತಿ, ಸ್ವಲ್ಪ ಉದ್ದ ಹೇಳುತ್ತೇನೆ. ಗಲ್ ಎನ್ನುತ್ತಾರಲ್ಲ, ಅವೇ. ನಮ್ಮ ಕಡಲಲ್ಲಿ ಅವು ವರ್ಷವಿಡೀ ಇರುವುದಿಲ್ಲ. ದಸರಾ ದೀಪಾವಳಿಯ ಆಸುಪಾಸು ಬಂದು ಮಾರ್ಚ್, ಏಪ್ರಿಲ್ ಹೊತ್ತಿಗೆ ಹೊರಟುಹೋಗುತ್ತವೆ. ಮುಂಬೈಯಲ್ಲಿ ಹೆಚ್ಚಾಗಿ ಕಾಣುವವು ಎರಡು ಬಗೆ: ಕಂದು ತಲೆಯದು, ಕಪ್ಪು ತಲೆಯದು. ಎಡವಟ್ಟೇನೆಂದರೆ ಇಲ್ಲಿರುವಷ್ಟು ಕಾಲ ಎರಡರ ತಲೆಯೂ ಬಿಳಿಯೇ. ಕಿವಿಯ ಹತ್ತಿರ ಒಂದು ಮಸಿಬೊಟ್ಟು ಮಾತ್ರ. ಹೆಸರಿಗೆ ತಕ್ಕ ತಲೆ ಬರುವುದು ಹೊರಡುವ ಹೊತ್ತಿಗೆ. ಹಾಗಾಗಿ ಕಣ್ಣು ನೋಡಿ. ಪ್ರಾಯದ ಕಂದು ತಲೆಯದಕ್ಕೆ ಕಣ್ಣು ಬೆಳ್ಳಗೆ, ಸ್ವಲ್ಪ ಸಿಟ್ಟಿನ ನೋಟ. ಕಪ್ಪು ತಲೆಯದಕ್ಕೆ ಕಣ್ಣು ಕಪ್ಪು, ಪಾಪದ ಮುಖ. ಹಾರುವಾಗ ರೆಕ್ಕೆಯ ತುದಿ ನೋಡಿ: ಕಂದು ತಲೆಯದರ ತುದಿ ದಟ್ಟ ಕಪ್ಪಿದ್ದು ಅದರಲ್ಲಿ ಕನ್ನಡಿ ಚೂರಿನಂತೆ ಬಿಳಿ ಚುಕ್ಕೆ, ಕಪ್ಪು ತಲೆಯದರ ರೆಕ್ಕೆಯ ಮುಂಚೂಣಿ ಬಿಳಿ, ತುದಿಯ ಅಂಚಿಗೆ ಮಾತ್ರ ಕಪ್ಪು.

ಕಡಲಕ್ಕಿ ಎಂದು ಕರೆಸಿಕೊಂಡ ಈ ಕಂದು ತಲೆಯ ಹಕ್ಕಿ ಮೊಟ್ಟೆ ಇಡುವುದು ಎಲ್ಲಿ ಗೊತ್ತೇ? ಮಧ್ಯ ಏಷ್ಯಾದ ಎತ್ತರದ ಪ್ರಸ್ಥಭೂಮಿಗಳ ಕೆರೆಗಳಲ್ಲಿ. ನಮ್ಮ ದೇಶದಲ್ಲೆಂದರೆ ಲಡಾಖಿನಲ್ಲಿ, ಸಮುದ್ರಮಟ್ಟದಿಂದ 4,500 ಮೀಟರ್ ಎತ್ತರದ ತ್ಸೋ ಮೊರಿರಿಯಂಥ ಸರೋವರಗಳ ನಡುಗಡ್ಡೆಯಲ್ಲಿ. ಹುಟ್ಟಿದ ಮರಿ ಮೊದಲ ಸಲ ಕಡಲು ನೋಡುವುದು ಮುಂಬೈಯಲ್ಲೋ, ಮಲ್ಪೆಯಲ್ಲೋ, ನಿಮ್ಮ ಬೇಲೇಕೇರಿಯಲ್ಲೋ. ಫೆಬ್ರವರಿ ಮುಗಿಯುತ್ತ ಬಂದಾಗ ದಿನಾ ಒಂದೇ ಗುಂಪನ್ನು ನೋಡುತ್ತಿದ್ದರೆ ಒಂದೊಂದಕ್ಕೇ ತಲೆಯ ಬಣ್ಣ ಏರುವುದು ಕಾಣುತ್ತದೆ. ಮೊದಲು ಚೆಲ್ಲಿದ ಕಾಫಿಪುಡಿಯಂತೆ ಅಲ್ಲಲ್ಲಿ, ಆಮೇಲೆ ಟೊಪ್ಪಿ ಹಾಕಿದಂತೆ ಪೂರ್ತಿ. ಒಂದು ದಿನ ಬಂಡೆ ಖಾಲಿ.

ಇನ್ನು ಗಾಠಿಯಾ. ತಪ್ಪೇ ಎಂದು ಕೇಳಿದಿರಿ. ಹೌದು, ಬೇಡ. ಆದರೆ ಕಾರಣ ಜನ ಸಾಮಾನ್ಯವಾಗಿ ಹೇಳುವ ಉಪ್ಪಲ್ಲ. ಕಡಲಕ್ಕಿಗೆ ಕಣ್ಣಿನ ಮೇಲ್ಭಾಗದಲ್ಲಿ ಉಪ್ಪನ್ನು ಸೋಸಿ ಮೂಗಿನಿಂದ ಹೊರಹಾಕುವ ಗ್ರಂಥಿಯೇ ಇದೆ. ಸಮುದ್ರದ ನೀರನ್ನೇ ಕುಡಿಯುವ ಹಕ್ಕಿ ಅದು. ತೊಂದರೆ ಇರುವುದು ಕರಿದ ಕಡಲೆಹಿಟ್ಟಿನಲ್ಲಿ. ಹೊಟ್ಟೆ ತುಂಬುತ್ತದೆ, ಮೈಗೆ ಹತ್ತುವಂಥದ್ದು ಏನೂ ಸಿಗುವುದಿಲ್ಲ. ಮುಂದೆ ಹಿಮಾಲಯ ದಾಟಬೇಕಾದ ದೇಹಕ್ಕೆ ಮೀನು ಬೇಕು. ಎಸೆದದ್ದಕ್ಕೆ ನೂರಾರು ಹಕ್ಕಿ ಒಂದೇ ಕಡೆ ಮುಗಿಬೀಳುವುದರಿಂದ ಒಂದರ ರೋಗ ಇನ್ನೊಂದಕ್ಕೆ ಹರಡಲೂ ಸುಲಭ. ಪಾರಿವಾಳಕ್ಕೆ ಕಾಳು ಹಾಕುವ ವಿಚಾರ ಹೈಕೋರ್ಟಿನವರೆಗೂ ಹೋಗಿ 2025ರಲ್ಲಿ ದಾದರಿನ ಕಬೂತರ್‌ಖಾನಾ ಮುಚ್ಚಿದಾಗ ಎಷ್ಟು ಗದ್ದಲವಾಯಿತೆಂದು ಮಗನನ್ನು ಕೇಳಿ, ಹೇಳುತ್ತಾನೆ. ಅನ್ನ ಹಾಕುವುದು ಪುಣ್ಯ ಎಂದು ಬೆಳೆದವರು ನಾವು, ಮೊಮ್ಮಗನನ್ನು ಬಯ್ಯಬೇಡಿ. ಮುಂದಿನ ಸಲ ದೋಣಿಯಲ್ಲಿ ಗಾಠಿಯಾ ಪೊಟ್ಟಣದ ಬದಲು ಒಂದು ಲೆಕ್ಕ ಕೊಡಿ: ಬಿಳಿ ಕಣ್ಣಿನವು ಎಷ್ಟು, ಕಪ್ಪು ಕಣ್ಣಿನವು ಎಷ್ಟು? ಅಕ್ಕೋರ ಮೊಮ್ಮಗ, ಲೆಕ್ಕ ಮಾಡದೆ ಇರುತ್ತಾನೆಯೇ.

ಹದ್ದು ಬಿಟ್ಟರೆ ಏನೂ ಇಲ್ಲ ಎಂದಿರಲ್ಲ, ಆ ಹದ್ದುಗಳನ್ನೇ ಇನ್ನೊಮ್ಮೆ ನೋಡಿ. ಬಾಲದ ತುದಿ ಕವಲೊಡೆದಿದ್ದರೆ ಕರಿ ಹದ್ದು. ಬಾಲ ದುಂಡಗಿದ್ದರೆ ಗರುಡ. ಬೆಳೆದ ಗರುಡವನ್ನು ಬಿಳಿ ತಲೆ, ಕಾವಿ ಬೆನ್ನಿನಿಂದ ಯಾರಾದರೂ ಗುರುತಿಸುತ್ತಾರೆ, ನಿಮ್ಮ ಅಮ್ಮನೂ ಕಂಡಾಗ ಕೈ ಮುಗಿದಿರಬೇಕು. ಆದರೆ ಅದರ ಮರಿ ಮೊದಲ ವರ್ಷ ಪೂರಾ ಕಂದು, ಹದ್ದಿನಂತೆಯೇ. ಅವನ್ನೂ ಹದ್ದಿನ ಲೆಕ್ಕಕ್ಕೆ ಹಾಕಿಬಿಡುತ್ತೇವೆ. ದಾಂಡಾ ಕಡೆಯ ತುದಿಯಲ್ಲಿ ಕೋಳಿಯವರು ಮೀನು ಒಣಗಿಸುವ ಹೊತ್ತಿಗೆ ಎರಡೂ ಒಟ್ಟಿಗೆ ಸುತ್ತುತ್ತಿರುತ್ತವೆ, ಬಾಲ ಹೋಲಿಸಲು ಅದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಕಾಗೆಯಲ್ಲೂ ಎರಡಿವೆ, ಬೂದು ಕುತ್ತಿಗೆಯ ಊರಕಾಗೆ ಮತ್ತು ಪೂರ್ತಿ ಕಪ್ಪಿನ, ದಪ್ಪ ಕೊಕ್ಕಿನ ಕಾಡುಕಾಗೆ.

ನಡುವೆ ಸಿಗುವ ಕಾಂಡ್ಲಾ ಗಿಡಗಳ ಹತ್ತಿರ ಐದು ನಿಮಿಷ ನಿಲ್ಲಿ. (ಮ್ಯಾಂಗ್ರೋವ್ ಎಂದರೆ ಇದೇ, ಮರಾಠಿಯಲ್ಲಿ ಕಾಂದಳವನ. ಕೊಂಕಣ ತೀರದ ಮಾತುಗಳು ಹೀಗೆ ಒಂದರ ಮನೆಯಿಂದ ಇನ್ನೊಂದರ ಮನೆಗೆ ಸಕ್ಕರೆ ಎರವಲು ತಂದಂತೆ.) ಅಲ್ಲಿ ಬಿಳಿ ಎದೆಯ ಮಿಂಚುಳ್ಳಿ ಕೂಗುತ್ತಿರುತ್ತದೆ. ಮಿಂಚುಳ್ಳಿ ಎಂದರೆ ಮೀನೇ ತಿನ್ನಬೇಕೆಂದಿಲ್ಲ. ಇದು ಏಡಿ, ಓತಿ, ಮಿಡತೆ ಏನು ಸಿಕ್ಕಿದರೂ ಬಿಡುವುದಿಲ್ಲ. ರಸ್ತೆಯ ಆಚೆಬದಿಯ ಮರಗಳಲ್ಲಿ ಕುಟ್ರು, ಪಿಕಳಾರ, ಸೂರಕ್ಕಿ, ಮಡಿವಾಳ. ಇವೆಲ್ಲ ನಿಮ್ಮ ಹಿತ್ತಲಿನವೇ, ವಿಳಾಸ ಮಾತ್ರ ಬದಲಾಗಿದೆ.

ನಡಿಗೆಯ ಜೊತೆಗೇ ಹಕ್ಕಿ ನೋಡಬಹುದೇ ಎಂಬುದು ನಿಮ್ಮ ಮುಖ್ಯ ಪ್ರಶ್ನೆ. ನೇರ ಹೇಳುತ್ತೇನೆ: ಒಟ್ಟಿಗೆ ಆಗುವುದಿಲ್ಲ. ಡಾಕ್ಟರು ಹೇಳಿದ ಬಿರುಸಿನ ನಡಿಗೆಯಲ್ಲಿ ಹಕ್ಕಿ ಕಾಣುವುದಿಲ್ಲ, ಹಕ್ಕಿ ನೋಡುತ್ತ ನಿಂತರೆ ಸಕ್ಕರೆ ಇಳಿಯುವುದಿಲ್ಲ. ಬೆಳಿಗ್ಗೆ ಎದ್ದು ಕತ್ತಿಗೆ ದುರ್ಬೀನು ನೇತುಹಾಕಿಕೊಂಡು ಅರ್ಧ ನಡೆದು ಅರ್ಧ ನಿಂತು ಎರಡನ್ನೂ ಕೆಡಿಸಿಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ. ನಾನು ಮಾಡುವುದು ಹೀಗೆ. ಹೋಗುವಾಗ ಎಲ್ಲೂ ನಿಲ್ಲದೆ, ಯಾವ ಹಕ್ಕಿ ಕರೆದರೂ ತಿರುಗದೆ, ಡಾಕ್ಟರ ಲೆಕ್ಕದ ನಡಿಗೆಯನ್ನು ಮುಗಿಸಿಬಿಡುತ್ತೇನೆ. ಬರುವಾಗ ನಾಲ್ಕೇ ನಾಲ್ಕು ಕಡೆ ನಿಲ್ಲುತ್ತೇನೆ, ದಿನಾ ಅದೇ ನಾಲ್ಕು ಕಡೆ, ಒಂದೊಂದರಲ್ಲೂ ಐದು ನಿಮಿಷ. ನೀವು ಆರಿಸಿಕೊಳ್ಳುವಾಗ ಒಂದು ಕಡೆ ಬಂಡೆ ಇರಲಿ, ಒಂದು ಕಡೆ ಕಾಂಡ್ಲಾ, ಒಂದು ಕಡೆ ದೊಡ್ಡ ಮರ, ಒಂದು ಕಡೆ ಮೀನುಗಾರರ ದೋಣಿ. ಕೂರಲು ಕಟ್ಟೆ ಇದ್ದರೆ ಮಂಡಿಗೂ ಒಳ್ಳೆಯದು.

ಅದೇ ಜಾಗ ಯಾಕೆಂದರೆ ಬದಲಾವಣೆ ಗೊತ್ತಾಗುವುದು ಆಗಲೇ. ನಿನ್ನೆ ಇಲ್ಲದ್ದು ಇಂದು ಬಂದಿದೆ ಎಂದು ಹೇಳಬೇಕಾದರೆ ನಿನ್ನೆಯೂ ಅಲ್ಲೇ ನಿಂತಿರಬೇಕು. ಊರೂರು ತಿರುಗಿ ನೂರಾರು ಜಾತಿ ‘ಟಿಕ್’ ಹಾಕಿದವರ ಪಟ್ಟಿಗಿಂತ ಒಂದೇ ಬಂಡೆಯ ಒಂದು ವರ್ಷದ ಲೆಕ್ಕ ನನಗೆ ದೊಡ್ಡದು. ಒಂದು ಇನ್ನೂರು ಪುಟದ ನೋಟುಪುಸ್ತಕ ಇಟ್ಟುಕೊಳ್ಳಿ. ತಾರೀಕು, ತಿಥಿ, ನೀರು ಏರುತ್ತಿತ್ತೋ ಇಳಿಯುತ್ತಿತ್ತೋ, ಯಾವ ಹಕ್ಕಿ ಎಷ್ಟು, ಏನು ಮಾಡುತ್ತಿತ್ತು. ಹೆಸರು ಗೊತ್ತಿಲ್ಲದಿದ್ದರೆ ಚಿತ್ರ ಬರೆಯಿರಿ, ಕೊಕ್ಕಿನ ಉದ್ದ ಮತ್ತು ಕಾಲಿನ ಬಣ್ಣ ತಪ್ಪದೆ ಗುರುತು ಹಾಕಿ. ಹಾಜರಿ ಪುಸ್ತಕ ತುಂಬಿ ಅಭ್ಯಾಸವಿರುವವರಿಗೆ ನಾನು ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಮಗ ಸಹಾಯ ಮಾಡಿದರೆ ಅದನ್ನೇ ಇಬರ್ಡ್ ಎಂಬ ಜಾಲತಾಣಕ್ಕೂ ಏರಿಸಬಹುದು. ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಲ ಹಕ್ಕಿ ಎಣಿಕೆ ನಡೆಯುತ್ತದೆ. ಹದಿನೈದು ನಿಮಿಷ ಎಣಿಸಿ ಕೊಟ್ಟರೂ ಅದು ಲೆಕ್ಕಕ್ಕೆ ಬರುತ್ತದೆ.

ದುರ್ಬೀನು ಮೊದಲ ತಿಂಗಳು ಬೇಡ. ಬರಿಗಣ್ಣಿನಲ್ಲಿ ನಡತೆ ನೋಡುವುದನ್ನು ಕಲಿತ ಮೇಲೆ ತಗೊಳ್ಳಿ. ಅಂಗಡಿಯವನು 20 ಪಟ್ಟು, 30 ಪಟ್ಟು ದೊಡ್ಡದು ಮಾಡುತ್ತದೆ ಎಂದರೆ ಕೈ ಮುಗಿದು ಹೊರಗೆ ಬನ್ನಿ. ನಮ್ಮ ವಯಸ್ಸಿನ ಕೈಯಲ್ಲಿ ಅದು ನಡುಗಿ ಬಂಡೆಯೂ ಹಾರಿದಂತೆ ಕಾಣುತ್ತದೆ. ದುರ್ಬೀನಿನ ಮೇಲೆ 8×42 ಎಂದೋ, ಹಗುರ ಬೇಕಿದ್ದರೆ 8×32 ಎಂದೋ ಬರೆದಿರಬೇಕು. ಮೊದಲ ಅಂಕಿ ಎಷ್ಟು ಪಟ್ಟು ಹತ್ತಿರ ತರುತ್ತದೆ ಎಂಬುದು, ಎರಡನೆಯದು ಮುಂದಿನ ಗಾಜಿನ ಅಗಲ ಮಿಲಿಮೀಟರಿನಲ್ಲಿ. ಕನ್ನಡಕ ಹಾಕುವವರಾದರೆ ಕಣ್ಣಿಡುವ ಕಡೆಯ ರಬ್ಬರು ಒಳಗೆ ತಿರುಗುತ್ತದೋ ನೋಡಿಕೊಳ್ಳಿ. ಕಡಲ ಉಪ್ಪಿನ ಗಾಳಿ ಗಾಜನ್ನು ತಿನ್ನುತ್ತದೆ. ಮನೆಗೆ ಬಂದ ಕೂಡಲೇ ಮೆದು ಬಟ್ಟೆಯಿಂದ ಒರೆಸಿ, ಸೆರಗಿನಿಂದ ಅಲ್ಲ. ಮೊಬೈಲಿನ ಮರ್ಲಿನ್ ಆ್ಯಪ್ ಹಕ್ಕಿಯ ದನಿ ಕೇಳಿ ಹೆಸರು ಹೇಳುತ್ತದೆ, ದುಡ್ಡಿಲ್ಲ. ಆದರೆ ಅಲೆ ಮತ್ತು ರಿಕ್ಷಾ ಹಾರ್ನಿನ ನಡುವೆ ಅದಕ್ಕೂ ತಪ್ಪು ಕೇಳಿಸುತ್ತದೆ. ಅದು ಹೇಳಿದ ಹಕ್ಕಿಯನ್ನು ಕಣ್ಣಾರೆ ನೋಡದೆ ಪುಸ್ತಕಕ್ಕೆ ಬರೆಯಬೇಡಿ.

ನೀವು ನಡೆಯುವ ದಾರಿಯ ಹಿಂದಿನ ಗುಡ್ಡವೇ ಪಾಲಿ ಹಿಲ್. ಹಕ್ಕಿಶಾಸ್ತ್ರಜ್ಞ ಸಲೀಂ ಅಲಿ ಇದ್ದದ್ದು ಅಲ್ಲಿ. 1896ರಲ್ಲಿ ಮುಂಬೈಯಲ್ಲಿ ಹುಟ್ಟಿ, 1987ರಲ್ಲಿ ಇದೇ ಊರಲ್ಲಿ ತೀರಿಕೊಂಡವರು. ನಮ್ಮ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದವರೂ ಅವರೇ. ಹುಡುಗನಾಗಿದ್ದಾಗ ಹೊಡೆದ ಒಂದು ಗುಬ್ಬಿಯ ಗಂಟಲು ಹಳದಿ ಇದ್ದದ್ದು ಕಂಡು, ಇದು ಯಾವುದೆಂದು ಕೇಳಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದದ್ದೇ ಅವರ ಹಕ್ಕಿಶಾಸ್ತ್ರದ ಸುರುವಾತು. 1883ರಲ್ಲಿ ಹುಟ್ಟಿದ ಆ ಸಂಸ್ಥೆ ಈಗಲೂ ಫೋರ್ಟ್‌ನ ಹಾರ್ನ್‌ಬಿಲ್ ಹೌಸಿನಲ್ಲಿದೆ. ಗಂಟಲು ನೋಡಿ ಕೇಳಿದ ಪ್ರಶ್ನೆ ಅವರದು. ನಿಮ್ಮ ಕಪ್ಪು ಬಕದ ಪ್ರಶ್ನೆಯೂ ಅದೇ ಜಾತಿಯದು.

ಮಳೆಗಾಲಕ್ಕೆ ಒಂದು ಎಚ್ಚರಿಕೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಂಡೆ ಖಾಲಿ ಅನ್ನಿಸಿದರೂ, ದೊಡ್ಡ ಗಾಳಿ ಎದ್ದ ಮರುದಿನ ಎಂದೂ ಕಾಣದ್ದು ಕಾಣುತ್ತದೆ: ನಡುಗಡಲಿನಲ್ಲೇ ಬದುಕುವ ಬೂಬಿ, ಫ್ರಿಗೇಟ್, ಕಂದು ಬೆನ್ನಿನ ರೀವ. ಗಾಳಿಗೆ ಸಿಕ್ಕಿ ಸೋತು ದಡಕ್ಕೆ ಬಿದ್ದ ಹಕ್ಕಿಯನ್ನು ಕಂಡರೆ ಕನಿಕರದಿಂದ ಮತ್ತೆ ನೀರಿಗೆ ಬಿಡುವವರಿದ್ದಾರೆ. ಅದು ಕೊಂದಂತೆಯೇ. ಬಾಯಿಗೆ ನೀರು, ಅನ್ನ ತುರುಕುವುದೂ ಬೇಡ. ಬಟ್ಟೆ ಮುಚ್ಚಿ, ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲಲ್ಲಿಟ್ಟು ಅದೇ 1926ಕ್ಕೆ ತಿಳಿಸಿ. ಬೂಬಿಯ ಕೊಕ್ಕು ಭರ್ಜಿಯಂತೆ, ಮುಖ ಹತ್ತಿರ ಒಯ್ಯಬೇಡಿ. ದೊಡ್ಡ ಭರತದ ದಿನ ಗೋಡೆಯ ಪಕ್ಕ ನಿಲ್ಲಲೇಬೇಡಿ.

ರಾಜಹಂಸ (ಫ್ಲೆಮಿಂಗೊ) ನೋಡಬೇಕೆಂಬ ಆಸೆ ಇದ್ದೇ ಇರುತ್ತದೆ, ಮುಂಬೈಗೆ ಬಂದವರೆಲ್ಲ ಕೇಳುತ್ತಾರೆ. ಅವು ನಿಮ್ಮ ಬದಿಯ ಬಂಡೆಗೆ ಬರುವುದಿಲ್ಲ. ಅವಕ್ಕೆ ಕೆಸರು ಬೇಕು. ಪೂರ್ವದ ಶಿವಡಿ, ಠಾಣೆ ಖಾರಿ, ನವಿ ಮುಂಬೈಯ ಕೆಸರುಗದ್ದೆಗಳಿಗೆ ಚಳಿಗಾಲದಿಂದ ಮೇ ತಿಂಗಳವರೆಗೆ ಸಾವಿರಗಟ್ಟಲೆ ಬಂದಿರುತ್ತವೆ. ಭಾನುವಾರ ಮಗ ಕರೆದೊಯ್ಯಲಿ, ಇಳಿತದ ಹೊತ್ತು ನೋಡಿಕೊಂಡು.

ಚೌತಿಗೆ ಊರಿಗೆ ಹೋಗುತ್ತೀರಲ್ಲ? ಆ ಹೊತ್ತಿಗೆ ಉತ್ತರದ ಗೊರವಗಳು ನಮ್ಮ ಕರಾವಳಿಗೆ ಇಳಿಯಲು ಸುರುಮಾಡಿರುತ್ತವೆ. ಕುಮಟೆಯ ಅಘನಾಶಿನಿ ಅಳಿವೆಯನ್ನು 2024ರಲ್ಲಿ ರಾಮ್ಸಾರ್ ತಾಣವೆಂದು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂದು, ಘೋಷಿಸಿದ್ದಾರೆ. ಬಳಚು ಎಂಬ ಚಿಪ್ಪುಮೀನು ತೆಗೆಯುವವರು ಇಳಿತಕ್ಕೆ ನೀರಿಗೆ ಇಳಿಯುವ ಹೊತ್ತಿಗೇ ಹಕ್ಕಿಗಳೂ ಇಳಿಯುತ್ತವೆ. ಅಷ್ಟು ದೂರ ಬೇಡವೆಂದರೆ ಬೇಲೇಕೇರಿಯ ಬಂಡೆಗಳಿಗೆ ಹೋಗಿ. ನಿಮ್ಮ ಸ್ಲೇಟು ಬಣ್ಣದ ಬಕ ಅಲ್ಲೂ ಕಂಡೀತು. ಇಷ್ಟು ವರ್ಷ ಬೆಳ್ಳಕ್ಕಿಗಳ ನಡುವೆ ಅದನ್ನು ಕಂಡೂ ನೀವು ‘ಯಾವುದೋ ಕರಿ ಹಕ್ಕಿ’ ಎಂದು ಬಿಟ್ಟಿರಬೇಕು. ಅಲ್ಲಿ ಬಲೆ ಬಿಡುವ ಹಿರಿಯರನ್ನು ಅದಕ್ಕೆ ಏನೆನ್ನುತ್ತಾರೆ ಎಂದು ಕೇಳಿ ನನಗೆ ಬರೆಯಿರಿ. ಹೆಸರೊಂದು ಇದ್ದೇ ಇರುತ್ತದೆ, ಕುಮಟೆಯಲ್ಲಿ ನನಗೆ ಸಿಕ್ಕಿಲ್ಲ.